ಮೂಗು ಉಜ್ಜಿದರೆ ಉತ್ತರ ಸರಿ

ಆ ಮನೆಯ ಅಡುಗೆಮನೆ ಮೇಜಿಗೆ ದಿನಕ್ಕೆರಡು ಜನ್ಮ. ಬೆಳಿಗ್ಗೆ ತಟ್ಟೆ ಲೋಟ ಹೊರುವುದು, ಮಧ್ಯಾಹ್ನ ಒರೆಸಿ ಒಣಗಿದ ಮೇಲೆ ಪುಸ್ತಕ ಹೊರುವುದು. ಅಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬೆಳಗಿನ ಪಾಳಿ ಮುಗಿಸಿ, ಸೂಕ್ಷ್ಮದರ್ಶಕದಲ್ಲಿ ಯಾರ್‍ಯಾರದೋ ರಕ್ತ ನೋಡಿ ದಣಿದ ಕಣ್ಣಿಗೆ ತಣ್ಣೀರು ಎರಚಿಕೊಂಡು, ಒಂದು ಲೋಟ ಚಹಾ ಹಿಡಿದು ಮಗಳ ಎದುರು ಕೂರುವಳು. ಅಲ್ಲಿಗೆ ಶಾಲೆ ಶುರು.

ಮಗಳನ್ನು ಮನೆಮಂದಿ ಇಣಚಿ ಎಂದು ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಬಿಸ್ಕತ್ತನ್ನು ಅಳಿಲಿನ ಹಾಗೆ ಎರಡು ಕೈಯಲ್ಲಿ ಹಿಡಿದು ಸುತ್ತಲೂ ಕಡಿಯುತ್ತಿದ್ದುದಕ್ಕೆ ಮಾವ ಇಟ್ಟ ಹೆಸರು. ಈಗ ಅಮ್ಮನಿಗಿಂತ ಎತ್ತರ ಬೆಳೆದಿದ್ದಳು, ಹೆಸರು ಮಾತ್ರ ಬೆಳೆದಿರಲಿಲ್ಲ.

ಅವಳ ಅಪ್ಪ ತೀರಿಕೊಂಡ ವರ್ಷ ಇಣಚಿ ಶಾಲೆಯಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದಳು. ಹೆಸರು ಕರೆದರೆ ಎದ್ದು ನಿಲ್ಲುವಳು, ಕೂರೆಂದರೆ ಕೂರುವಳು, ನಡುವೆ ಏನೂ ಇಲ್ಲ. ಟೀಚರು ಒಳ್ಳೆಯವರೇ. ಆದರೆ ತರಗತಿ ತುಂಬ ಮಕ್ಕಳನ್ನಿಟ್ಟುಕೊಂಡು ಒಬ್ಬಳಿಗಾಗಿ ಎಷ್ಟು ಹೊತ್ತು ಕಾಯುತ್ತಾರೆ? ಅಮ್ಮ ಒಂದು ದಿನ ಚೀಲ ಸಮೇತ ಮಗಳನ್ನು ಮನೆಗೆ ಕರೆತಂದಳು. ಒಂದು ವರ್ಷ ನೋಡೋಣ ಎಂದುಕೊಂಡಿದ್ದು ಹಾಗೇ ಬೆಳೆಯಿತು. ಮನೆಯಲ್ಲಿ ಓದುವ ಮಕ್ಕಳನ್ನು ನೋಡಲು ಇಲಾಖೆಯಿಂದ ವರ್ಷಕ್ಕೊಮ್ಮೆ ಒಬ್ಬರು ಬರುತ್ತಿದ್ದರು. ಅವರೂ ಅದೇ ಮೇಜಿಗೆ ಕೂತು, ಅಮ್ಮನ ಎದುರಿಗೇ ಪ್ರಶ್ನೆ ಕೇಳಿ, ಚುರುಕು ಹುಡುಗಿ ಎಂದು ಬರೆದು ಹೋಗುತ್ತಿದ್ದರು.

ಚುರುಕು ಹುಡುಗಿಗೆ ಈಗ ಪಶುವೈದ್ಯೆ ಆಗಬೇಕಿತ್ತು. ಆ ಕಾಲೇಜು ಇದ್ದದ್ದು ಬೇರೆ ಊರಿನಲ್ಲಿ, ಹಾಸ್ಟೆಲ್ಲಿನಲ್ಲಿ ಇರಬೇಕು. ಅದಕ್ಕೂ ಮೊದಲು ಪ್ರವೇಶ ಪರೀಕ್ಷೆ. ಶಾಲೆ ಬಿಟ್ಟ ಮೇಲೆ ಇಣಚಿ ಪರೀಕ್ಷೆಯ ಕೊಠಡಿಯೊಳಗೆ ಕಾಲಿಡುವುದು ಅದೇ ಮೊದಲು.

ಪರೀಕ್ಷೆಗೆ ಒಂದೆರಡು ತಿಂಗಳಿದೆ ಎನ್ನುವಾಗ ಅಮ್ಮ ದವಡೆ ಹಲ್ಲು ಕೀಳಿಸಿಕೊಂಡಳು. ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತು. ಕೆಲವು ದಿನ ಮಾತು ಕಡಿಮೆ ಮಾಡಿ, ಬಾಯಿ ಅಗಲಿಸಿ ನಗಬೇಡಿ ಎಂದರು ದಂತವೈದ್ಯರು. ನಗುವಿನ ವಿಷಯದಲ್ಲಿ ಅವಳಿಗೇನೂ ಕಷ್ಟವಾಗಲಿಲ್ಲ. ಮೂಗಿನವರೆಗೂ ಶಾಲು ಸುತ್ತಿಕೊಂಡು ಎಂದಿನಂತೆ ಮೇಜಿಗೆ ಕೂತಳು. ಚಹಾ ಕುಡಿಯುವ ಹಾಗಿರಲಿಲ್ಲ, ಆದ್ದರಿಂದ ಲೋಟವೂ ಇರಲಿಲ್ಲ.

ಆ ವಾರ ಇಣಚಿ ಮುಟ್ಟಿದ್ದೆಲ್ಲ ತಪ್ಪು. ಹಿಂದಿನ ವಾರ ನೀರು ಕುಡಿದಷ್ಟು ಸಲೀಸಾಗಿ ಮಾಡಿದ ಲೆಕ್ಕವನ್ನೇ ಈಗ ಮೂರು ಕಡೆ ಹೊಡೆದುಹಾಕಿ, ನಾಲ್ಕನೆಯ ಕಡೆ ಬೇರೇನೋ ಬರೆಯುವಳು. ನಡುನಡುವೆ ತಲೆಯೆತ್ತಿ ಶಾಲನ್ನೇ ನೋಡುವಳು. ಭಯ ಹಿಡಿದಿರಬೇಕು, ಊರು ಬಿಟ್ಟು ಹೋಗುವುದೆಂದರೆ ಸುಮ್ಮನೆಯೇ ಎಂದುಕೊಂಡಳು ಅಮ್ಮ. ಶಾಲಿನೊಳಗಿಂದಲೇ, "ಹೋಗ್ಲಿ ಬಿಡು, ಇವತ್ತಿಗೆ ಸಾಕು" ಎಂದಳು. ಹಲ್ಲು ವಾಸಿಯಾಯಿತು, ಶಾಲು ಪೆಟ್ಟಿಗೆ ಸೇರಿತು, ಇಣಚಿಯ ಉತ್ತರಗಳೂ ತಾವಾಗಿಯೇ ಸರಿಹೋದವು. ಅಮ್ಮ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಇಣಚಿಗೆ ಹೆಸರಿಟ್ಟ ಮಾವ, ಅಮ್ಮನ ತಮ್ಮ, ಡ್ರೈವಿಂಗ್ ಸ್ಕೂಲು ಇಟ್ಟುಕೊಂಡಿದ್ದ. ಪಕ್ಕದ ಸೀಟಿಗೂ ಒಂದು ಬ್ರೇಕು ಇರುವ ಹಳೆಯ ಕಾರು, ಬಾಗಿಲಿನ ಮೇಲೆ ದೊಡ್ಡಕ್ಷರದ ಫೋನ್ ನಂಬರು, ಎಷ್ಟು ಜನ ಗೇರು ಕಿತ್ತರೂ ಏರದ ದನಿ. ಬೇರೆ ಊರಿಗೆ ಹೋಗುವವಳಿಗೆ ಕಾರು ಬಿಡಲು ಬಂದಿರಲಿ ಎಂದು ಅವನೇ ಅಕ್ಕನ ಮಗಳನ್ನು ಕರೆದೊಯ್ಯುತ್ತಿದ್ದ. ಒಂದು ಭಾನುವಾರ ಅಕ್ಕನನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡ.

"ನೀನೇ ಬಂದು ನೋಡಕ್ಕ. ನಂಗಂತೂ ಸಾಕಾಗಿದೆ."

"ಯಾಕೆ, ಬರ್ತಿಲ್ವಾ ಅವಳಿಗೆ?"

"ಬರತ್ತೆ. ಕೈ ಕಾಲು ಎಲ್ಲ ಚೆನ್ನಾಗೇ ಆಡತ್ತೆ. ಆದ್ರೆ ಈ ರಾಣಿಗೆ ರಸ್ತೆ ಬೇಡ, ನಾನು ಬೇಕು. ಕ್ರಾಸ್ ಬಂತು ಅಂದ್ರೆ ನನ್ನ ಮುಖ ನೋಡ್ತಾಳೆ. ಲೇ ಇಣಚಿ, ನನ್ನ ಮೂಗಿನ ಮೇಲೆ ಸಿಗ್ನಲ್ ನೆಟ್ಟಿದಾರೇನೇ?"

"ಹಸಿರು ದೀಪ ಹತ್ತಲ್ಲ ಮಾಮ, ಅದಕ್ಕೇ ನಿಂತೆ" ಎಂದಳು ಇಣಚಿ.

"ಹಿಂದೆ ಲಾರಿಯವನು ಬೈತಿದಾನೆ, ಅವನಿಗೂ ಇದನ್ನೇ ಹೇಳು."

ಅಮ್ಮನಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಇನ್ನೊಂದು ತಿರುವು. ಇಣಚಿ ಮೊದಲು ಮಾವನ ಕಡೆ ನೋಡಿದಳು. ಅವನು ಬೇಕೆಂದೇ ಕಿಟಕಿಯಾಚೆ ಮುಖ ತಿರುಗಿಸಿದ. ಆಗ ಅವಳ ಕಣ್ಣು ಮೇಲಿನ ಕನ್ನಡಿಗೆ ಹೋಯಿತು. ಹಿಂದಿನಿಂದ ಬರುವ ಗಾಡಿಗಳನ್ನಲ್ಲ, ಕನ್ನಡಿಯಲ್ಲಿ ಕೂತಿದ್ದ ಅಮ್ಮನ ಮುಖವನ್ನು ಅವಳು ಹುಡುಕಿದ್ದು. ಕಣ್ಣಿಗೆ ಕಣ್ಣು ಸೇರಿತು. ಅಮ್ಮನಿಗೆ ಅರಿವಿಲ್ಲದಂತೆಯೇ ಅವಳ ಬಲಗೈ ಎದ್ದು ಮೂಗಿನ ತುದಿಯನ್ನು ಉಜ್ಜಿತು. ಕಾರು ಬಲಕ್ಕೆ ಸರಾಗವಾಗಿ ತಿರುಗಿತು.

"ಈಗ ನೋಡು, ಎಷ್ಟು ಚೆನ್ನಾಗಿ ತಿರುಗಿಸಿದ್ಲು" ಎಂದ ತಮ್ಮ.

ಅಮ್ಮ ಕೈಯನ್ನು ಮಡಿಲಿಗೆ ಇಳಿಸಿದಳು. ಹಲ್ಲು ನೋವಿನ ವಾರ ನೆನಪಾಯಿತು. ಶಾಲು ನೆನಪಾಯಿತು. ಮನೆ ಬರುವವರೆಗೂ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಆ ದಾರಿಯುದ್ದಕ್ಕೂ ಕಾರು ಅಲ್ಲಲ್ಲಿ ಬಿಕ್ಕಳಿಸಿ ನಿಂತಿತು.

ಮರುದಿನ ಮಧ್ಯಾಹ್ನ ಲೋಟ ಹಿಡಿದು ಕೂತವಳು ಒಂದು ಸುಲಭದ ಪ್ರಶ್ನೆ ಕೊಟ್ಟಳು. ತಂದೆಯ ರಕ್ತದ ಗುಂಪು ಎಬಿ, ತಾಯಿಯದು ಓ. ಮಗುವಿಗೆ ಯಾವ ಗುಂಪು ಬರಬಹುದು? ಇಣಚಿ ಪಟಪಟನೆ ಬರೆದಳು: ಎ ಅಥವಾ ಬಿ. ಉತ್ತರ ಸರಿಯಾಗಿತ್ತು. ಕೈ ಮೂಗಿಗೆ ಹೋಗದಿರಲೆಂದು ಅಮ್ಮ ಲೋಟವನ್ನು ತುಟಿಯ ತನಕ ಎತ್ತಿ, ಕುಡಿಯದೆ, ಹಾಗೇ ಹಿಡಿದಳು.

ಇಣಚಿ ತಲೆಯೆತ್ತಿ ನೋಡಿದಳು. ಪೆನ್ಸಿಲ್ ತಿರುಗಿಸಿ ರಬ್ಬರಿನಿಂದ ಉಜ್ಜಿದಳು. ಎಬಿ ಅಥವಾ ಓ ಎಂದು ಬರೆದಳು.

ಅಮ್ಮ ಲೋಟವನ್ನು ಮೇಜಿನ ಮೇಲಿಟ್ಟಳು.

"ಯಾಕೆ ಅಳಿಸಿದೆ?"

"ತಪ್ಪಲ್ವಾ?"

"ಸರಿ ಇತ್ತು."

ಇಣಚಿ ಹಾಳೆ ನೋಡಿದಳು, ಲೋಟ ನೋಡಿದಳು. "ಮತ್ತೆ ನೀನು ಲೋಟ ಎತ್ಕೊಂಡೆ?"

"ಲೋಟಕ್ಕೂ ಉತ್ತರಕ್ಕೂ ಏನೇ ಸಂಬಂಧ?"

"ಅಮ್ಮ, ಸರಿ ಇದ್ರೆ ನೀನು ಮೂಗು ಉಜ್ಕೋತೀಯ. ತಪ್ಪಿದ್ರೆ ಲೋಟ ಎತ್ಕೋತೀಯ, ಕುಡಿಯಲ್ಲ. ಅರ್ಧ ಸರಿ ಇದ್ರೆ ಕಿವಿ ಹಿಂದೆ ಕೂದಲು ಸಿಗಿಸ್ತೀಯ, ಸಿಗಿಸೋಕೆ ಕೂದಲು ಇಲ್ದಿದ್ರೂ." ಊರಿಗೆಲ್ಲ ಗೊತ್ತಿರುವ ಸಂಗತಿ ಹೇಳುವ ಹಾಗೆ ಹೇಳಿದಳು.

"ಯಾವತ್ತಿಂದ ಇದು?"

"ಮೊದಲಿಂದ್ಲೂ. ನೀನು ಬೇಕಂತ್ಲೇ ಮಾಡ್ತೀಯ ಅಂದ್ಕೊಂಡಿದ್ದೆ. ನಂಗೆ ಸುಲಭ ಆಗ್ಲಿ ಅಂತ. ನಿಂಗೇ ಗೊತ್ತಿಲ್ಲ ಅಂತ ನಂಗೇನು ಗೊತ್ತು?"

ಅಮ್ಮ ಬೇಕೆಂದು ಮಾಡಿರಲಿಲ್ಲ. ಆದರೆ ಅದು ಯಾವಾಗ ಶುರುವಾಗಿರಬೇಕೆಂದು ಅವಳಿಗೆ ಹೊಳೆಯಿತು. ಗಂಡ ತೀರಿಕೊಂಡ ವರ್ಷ ಅವಳ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ನೋಡಲು ಬಂದವರು, ಗಟ್ಟಿಗಿತ್ತಿ, ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ಹೇಳಿಕೊಂಡು ಹೋಗಿದ್ದರು. ಮಾತು ಬಿಟ್ಟ ಮಗಳು ಆ ಗೋಡೆಯ ಎದುರಿಗೆ ದಿನವೂ ಕೂರುತ್ತಿದ್ದಳು. ಎಲ್ಲಾದರೂ ಒಂದು ಎಳೆ ಮಿಸುಕಿತೇ ಎಂದು ನೋಡುತ್ತಿದ್ದಳು. ಮಿಸುಕಿದ್ದು ಮೂಗಿನ ಬಳಿ ಒಂದು ಕೈ, ಅಷ್ಟೇ. ಹುಡುಗಿ ಅದನ್ನೇ ಹಿಡಿದುಕೊಂಡಳು.

"ಪರೀಕ್ಷೆಯಲ್ಲಿ ನಾನು ಎದುರಿಗೆ ಕೂತಿರಲ್ಲ ಕಣೇ."

"ಗೊತ್ತು" ಎಂದಳು ಇಣಚಿ. ಇಷ್ಟು ಹೊತ್ತು ಇಲ್ಲದ ಅಳುಕು ಆಗ ಅವಳ ದನಿಗೆ ಬಂತು. "ಹೇಳೋಣ ಅಂತಿದ್ದೆ."

ಮಾರನೆಯ ದಿನದಿಂದ ಅಮ್ಮ ಪ್ರಶ್ನೆಪತ್ರಿಕೆ ಕೊಟ್ಟು ಮಹಡಿಯ ಮೇಲೆ ಹೋಗತೊಡಗಿದಳು. ಅಲ್ಲಿ ಒಣಗಿದ ಬಟ್ಟೆ ಇರುತ್ತಿತ್ತು. ಮಡಚಿದಳು. ಮಡಚಿದ್ದನ್ನು ಬಿಡಿಸಿ ಇನ್ನಷ್ಟು ಅಚ್ಚುಕಟ್ಟಾಗಿ ಮಡಚಿದಳು. ಕೆಳಗಿನಿಂದ ಸದ್ದೇ ಇಲ್ಲ. ಇಳಿದು ಬಂದಾಗ ಇಣಚಿ ಖಾಲಿ ಹಾಳೆಯೆದುರು ಕೂತಿದ್ದಳು.

"ಮೊದಲನೇದು ಸರೀನೋ ಅಲ್ವೋ ಗೊತ್ತಾಗ್ದೆ ಎರಡನೇದಕ್ಕೆ ಹೇಗೆ ಹೋಗ್ಲಿ?"

ಬೈಯುವುದು ಸುಲಭವಿತ್ತು. ಎದುರಿನ ಕುರ್ಚಿಯಲ್ಲಿ ಕೂತು ಒಮ್ಮೆ ಮೂಗು ಉಜ್ಜಿಬಿಡುವುದು ಅದಕ್ಕಿಂತ ಸುಲಭವಿತ್ತು. ಅಮ್ಮ ಅವಳ ಪಕ್ಕದಲ್ಲಿ, ಇಬ್ಬರಿಗೂ ಗೋಡೆಯೇ ಕಾಣುವ ಹಾಗೆ ಕೂತಳು.

"ಪ್ರಯೋಗಾಲಯದಲ್ಲಿ ನನ್ನ ಹಿಂದೆ ಯಾರೂ ನಿಂತಿರಲ್ಲ. ರಕ್ತದ ಕಣಗಳನ್ನ ಒಂದು ಸಲ ಎಣಿಸ್ತೀನಿ. ಆಮೇಲೆ ಬೇರೆ ಮೂಲೆಯಿಂದ ಶುರುಮಾಡಿ ಇನ್ನೊಂದು ಸಲ ಎಣಿಸ್ತೀನಿ. ಎರಡೂ ಒಂದಕ್ಕೊಂದು ಹೊಂದಿದ್ರೆ ಸಹಿ ಹಾಕ್ತೀನಿ."

"ಸಹಿ ಹಾಕಿದ ಮೇಲೆ ತಪ್ಪು ಅಂತ ಗೊತ್ತಾದ್ರೆ?"

"ಆಗಿದೆ. ಆ ಮನುಷ್ಯನ್ನ ವಾಪಸ್ ಕರೆಸಿ ಮತ್ತೆ ಸೂಜಿ ಚುಚ್ಚಿದೀನಿ. ಬೈಸ್ಕೊಂಡಿದೀನಿ."

"ನೀನಾ?"

"ಚೆನ್ನಾಗೇ ಬೈದ್ರು. ಮಾರನೇ ದಿನ ಮತ್ತೆ ಹೋಗಿ ಕೂತೆ."

ಇಣಚಿ ಈ ಸಂಗತಿಯನ್ನು ಬಿಸ್ಕತ್ತಿನ ಹಾಗೆ ಸುತ್ತಲೂ ಕಡಿದು ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡಳು.

ಅವರು ಒಂದು ಕಟ್ಟುಪಾಡು ಮಾಡಿಕೊಂಡರು. ಉತ್ತರ ಬರೆದು, ಬೇರೆ ದಾರಿಯಿಂದ ತಾನೇ ತಾಳೆ ನೋಡಿ, ನಂಬಿಕೆ ಬಂದರೆ ಇಣಚಿ ಪಕ್ಕದಲ್ಲಿ ಸಹಿ ಹಾಕಬೇಕು. ಸಹಿ ಬೀಳದ ಹಾಳೆಯನ್ನು ಅಮ್ಮ ಮುಟ್ಟುವುದಿಲ್ಲ. ಮೊದಲಿಗೆ ಸಹಿಗಳು ಇರುವೆಯಷ್ಟಿದ್ದವು, ಅದೂ ಹೆದರಿದ ಇರುವೆ. ಕೆಲವು ತಪ್ಪು ಉತ್ತರಗಳಿಗೂ ಬಿದ್ದವು. ಎಷ್ಟೋ ಸರಿ ಉತ್ತರಗಳು ಸಹಿಯಿಲ್ಲದೆ ಅನಾಥವಾಗಿ ನಿಂತವು. ಒಮ್ಮೆ ಇಣಚಿ ಹಾಳೆ ಹರಿದು, "ನಂಗೆ ಕಾಲೇಜೂ ಬೇಡ, ಏನೂ ಬೇಡ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅಮ್ಮ ಬಾಗಿಲು ಬಡಿಯಲಿಲ್ಲ. ಹೊಸ ಹಾಳೆ ಮೇಜಿನ ಮೇಲಿಟ್ಟು ಮಹಡಿಗೆ ಹೋದಳು. ಸಂಜೆ ಇಳಿದು ಬಂದಾಗ ಹಾಳೆ ತುಂಬಿತ್ತು.

ಅತ್ತ ಮಾವ ತನ್ನದೇ ಔಷಧಿ ಕಂಡುಕೊಂಡಿದ್ದ. ಅಗಲವಾದ ಕಪ್ಪು ಕನ್ನಡಕ ತಂದು, ಮೋಡ ಕವಿದ ದಿನವೂ ಹಾಕಿಕೊಂಡು ಕೂರುತ್ತಿದ್ದ.

"ಮಾಮ, ನಿಂಗೇ ರಸ್ತೆ ಕಾಣಲ್ಲ ಅಲ್ವಾ ಅದ್ರಲ್ಲಿ?"

"ನಂಗ್ಯಾಕಮ್ಮ ಕಾಣ್ಬೇಕು? ಗಾಡಿ ಓಡಿಸ್ತಿರೋಳು ನೀನು. ನಾನು ನಿದ್ದೆ ಮಾಡ್ತಿದ್ರೂ ಮಾಡ್ತಿರ್ತೀನಿ."

ಅವನ ಕಾಲು ಮಾತ್ರ ಬ್ರೇಕಿನ ಮೇಲೇ ಇರುತ್ತಿತ್ತು. ಅದನ್ನು ಅಕ್ಕನಿಗಷ್ಟೇ ಹೇಳಿದ್ದ.

ಇಣಚಿಗೆ ದಿನದಿನಕ್ಕೆ ಅಮ್ಮನ ಮುಖದ ಅಗತ್ಯ ಕಡಿಮೆಯಾಗುತ್ತ ಬಂತು. ಹಾಳೆ ತಂದುಕೊಟ್ಟು, ಅಮ್ಮ ನೋಡಿ ಮುಗಿಸುವ ತನಕ ಕಾಯದೆ ಗೇಟಿನ ಬಳಿ ಬರುವ ಬೀದಿ ನಾಯಿಗೆ ಬ್ರೆಡ್ಡು ಹಾಕಲು ಹೋಗಿಬಿಡುವಳು. ಆಗಬೇಕಾದದ್ದು ಅದೇ. ಆದರೂ ಒಂದು ಮಧ್ಯಾಹ್ನ ಅಮ್ಮ ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತುಬಿಟ್ಟಳು. ಇಷ್ಟು ವರ್ಷ ಈ ಮುಖವನ್ನು ಒಬ್ಬರು ಸಾಲು ಬಿಡದೆ ಓದಿದ್ದರು. ಇನ್ನು ಮೇಲೆ ಓದುವವರಿಲ್ಲ. ಮೂಗು ಉಜ್ಜಿ ನೋಡಿಕೊಂಡಳು. ಅಂಥ ವಿಶೇಷವೇನೂ ಕಾಣಲಿಲ್ಲ. ಪಾತ್ರೆ ತೊಳೆಯಲು ಹೋದಳು.

ಪರೀಕ್ಷೆಯ ದಿನ ಇಣಚಿಯೇ ಕಾರು ಬಿಟ್ಟಳು. ಮಾವ ಕಪ್ಪು ಕನ್ನಡಕದಲ್ಲಿ ಪಕ್ಕಕ್ಕೆ, ಅಮ್ಮ ಹಿಂದಕ್ಕೆ. ಗೇಟಿನ ಬಳಿ ಬೇರೆ ತಾಯಂದಿರು ಮಕ್ಕಳಿಗೆ ಕೊನೆಯ ಗಳಿಗೆಯ ಬುದ್ಧಿ ಹೇಳುತ್ತಿದ್ದರು. ಇಣಚಿ ನೀರಿನ ಬಾಟಲಿ ತೆಗೆದುಕೊಂಡು, "ಬರ್ತೀನಿ" ಎಂದು ಹೊರಟಳು. ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದಳು. ಅಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಇಣಚಿಗೆ ನಗು ಬಂತು. ಒಳಗೆ ಹೋದಳು.

ಕಾಯುವಾಗ ತಮ್ಮ ಎರಡು ಸಲ ಚಹಾ ತಂದುಕೊಟ್ಟ. ಎರಡು ಸಲವೂ ಅದು ಅಮ್ಮನ ಕೈಯಲ್ಲೇ ಆರಿತು.

"ಕುಡಿಯಕ್ಕ. ತಪ್ಪು ಉತ್ತರ ಬರೆದುಬಿಟ್ಟಾಳು ಪಾಪ" ಎಂದ ಅವನು. ಅಮ್ಮ ಲೋಟವನ್ನು ಸರಕ್ಕನೆ ಕೆಳಗಿಟ್ಟಳು.

ಗಂಟೆ ಹೊಡೆದ ಮೇಲೆ ಮಕ್ಕಳು ಗುಂಪುಗುಂಪಾಗಿ ಬಂದರು. ಇಣಚಿ ತಲೆ ತಗ್ಗಿಸಿ, ಕೈಗಡಿಯಾರದ ಪಟ್ಟಿ ಸಡಿಲಿಸುತ್ತ ಬಂದಳು. ಅಮ್ಮನಿಗೆ ತನ್ನ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಹುಡುಗಿ ನೋಡುತ್ತಿದ್ದದ್ದು ಪಟ್ಟಿಯನ್ನು.

"ಒಂದು ತಪ್ಪು ಮಾಡ್ದೆ" ಎಂದಳು. "ಹಸುವಿನ ಹೊಟ್ಟೆದು. ಬರೆದು ಮುಂದೆ ಹೋದ್ಮೇಲೆ ಗೊತ್ತಾಯ್ತು, ತಿದ್ದೋಣ ಅಂತ ವಾಪಸ್ ಬಂದೆ, ಅಷ್ಟೊತ್ತಿಗೆ ಕಿತ್ಕೊಂಡ್ರು."

"ಹಸುವಿನ ಹೊಟ್ಟೇನೇ ಗೊತ್ತಿಲ್ದೆ ದನದ ಡಾಕ್ಟರಾಗ್ತಾಳಂತೆ" ಎಂದ ಮಾವ.

"ಉಳಿದದ್ದು?" ಎಂದಳು ಅಮ್ಮ.

"ಎರಡು ಅನುಮಾನ. ಮಿಕ್ಕಿದ್ದಕ್ಕೆಲ್ಲ ಸಹಿ ಹಾಕಿದೀನಿ. ಹಾಳೆ ಮೇಲಲ್ಲ, ಮನಸ್ಸಲ್ಲಿ." ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬೀಗದ ಕೈಗಾಗಿ ಮಾವನೆದುರು ಅಂಗೈ ಚಾಚಿದಳು. "ಸೀಟು ಸಿಗತ್ತೋ ಇಲ್ವೋ, ಅದು ಅವರಿಗೆ ಬಿಟ್ಟಿದ್ದು."

ಫಲಿತಾಂಶಕ್ಕೆ ಇನ್ನೂ ಕಾಯಬೇಕಿತ್ತು. ಅಮ್ಮ ಹಿಂದಿನ ಸೀಟಿನ ನಡುವೆ, ತನ್ನ ಎಂದಿನ ಜಾಗದಲ್ಲಿ ಕೂತಳು. ಗೇಟಿನಾಚೆ ರಸ್ತೆ ತುಂಬ ಗಾಡಿಗಳು, ಪೋಷಕರು, ಹಾರನ್ನು. ಇಣಚಿ ಗೇರು ಹಾಕಿ ಮೇಲಿನ ಕನ್ನಡಿಯತ್ತ ನೋಡಿದಳು. ಅಮ್ಮ ಅಭ್ಯಾಸದಂತೆ ಅವಳ ಕಣ್ಣಿಗಾಗಿ ಕಾದಳು.

"ಅಮ್ಮ, ಸ್ವಲ್ಪ ಪಕ್ಕಕ್ಕೆ ಸರೀತೀಯ? ಹಿಂದಿನ ಗಾಡಿ ಕಾಣ್ತಿಲ್ಲ."

ಅಮ್ಮ ಕಿಟಕಿಯ ಕಡೆಗೆ ಸರಿದಳು. ಕನ್ನಡಿಯಲ್ಲಿ ರಸ್ತೆ ಪೂರ್ತಿಯಾಗಿ ಮೂಡಿತು. ಇಣಚಿ ಎರಡೂ ಕಡೆ ನೋಡಿ, ಒಂದು ಬಸ್ಸನ್ನು ಮುಂದೆ ಬಿಟ್ಟು, ಕಾರನ್ನು ರಸ್ತೆಗೆ ಇಳಿಸಿದಳು. ಅವಳ ಹಿಂದೆ, ಯಾರೂ ನೋಡದ ಮೂಲೆಯಲ್ಲಿ ಕೂತು, ಅಮ್ಮ ಮೂಗು ಉಜ್ಜಿಕೊಂಡಳು.