ಬೀನ್ಸ್ ಬಳ್ಳಿಯ ಮೂರು ಕೊಂಡಿಗಳು

ಈ ಸಲ ಚಾರ್ಟು, ಥರ್ಮೋಕೋಲು ಯಾವುದೂ ನಡೆಯುವುದಿಲ್ಲ ಎಂದು ವಿಜ್ಞಾನದ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ತಿಂಗಳ ಕೊನೆಗೆ ಪ್ರತಿಯೊಬ್ಬರೂ ಒಂದೊಂದು ಕುಂಡ ತರಬೇಕು, ಅದರಲ್ಲಿ ಒಂದು ಆಹಾರ ಸರಪಳಿ ಜೀವಂತವಾಗಿರಬೇಕು. ಬಿಸಿಲಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುವ ಗಿಡ, ಗಿಡವನ್ನು ತಿನ್ನುವ ಜೀವಿ, ಆ ಜೀವಿಯನ್ನು ತಿನ್ನುವ ಮತ್ತೊಂದು ಜೀವಿ. ಔಷಧಿ ಹೊಡೆದ ಕುಂಡಕ್ಕೆ ಅಂಕವಿಲ್ಲ.

ನನ್ನ ಮಗಳು ಹಿಗ್ಗಿಹೋದಳು. ಬಾಲ್ಕನಿಯ ಬೀನ್ಸ್ ಬಳ್ಳಿಗೆ ಆಗಲೇ ರಸ ಹೀರುವ ಸಸ್ಯಹೇನು ಹತ್ತಿತ್ತು. ಅದನ್ನು ತಿನ್ನಲು ಕೆಂಪು ಬೆನ್ನಿನ ಗುಲಗಂಜಿ ಹುಳಗಳೂ ಒಂದೆರಡು ಬಂದಿದ್ದವು.

"ಮೂರೂ ಕೊಂಡಿ ತಾವಾಗೇ ಬಂದು ಕೂತಿವೆ ಅಮ್ಮಾ! ನಾನು ನೀರು ಹಾಕಿದ್ರೆ ಸಾಕು."

"ನೀರು ಹಾಕೋದೂ ನೆನಪಿರಬೇಕಲ್ಲ ವಕೀಲಮ್ಮ," ಎಂದರು ಹೊಲಿಗೆ ಯಂತ್ರದ ಹಿಂದಿನಿಂದ ನಮ್ಮತ್ತೆ. ಎಲ್ಲದಕ್ಕೂ ವಾದ ಹೂಡುವ ಮೊಮ್ಮಗಳಿಗೆ ಅವರಿಟ್ಟ ಹೆಸರು ಅದು.

ಅತ್ತೆ ಜೀವಮಾನವಿಡೀ ಬಟ್ಟೆ ಹೊಲಿದವರು. ಎಲ್ಲಿ ದಾರದ ತುಂಡು ಎದ್ದಿದ್ದರೂ ಅವರ ಕಣ್ಣಿಗೆ ಚುಚ್ಚುತ್ತದೆ. ಚಿಮಟದಿಂದ ಅದನ್ನು ಎಳೆದು ತೆಗೆಯುವವರೆಗೆ ಸಮಾಧಾನವಿಲ್ಲ. ಮೊಮ್ಮಗಳ ಬಳ್ಳಿ ಚೆನ್ನಾಗಿರಲಿ ಎಂದು ದಿನಾ ಬೆಳಿಗ್ಗೆ ಅದೇ ಚಿಮಟ ಹಿಡಿದು ಬಾಲ್ಕನಿಗೆ ಹೋಗತೊಡಗಿದರು. ಸಸ್ಯಹೇನು ಅವರ ಕೈಗೆ ಸಿಗದಷ್ಟು ಸಣ್ಣದು. ಗುಲಗಂಜಿ ಹುಳ ಅಂಗಿಯ ಗುಂಡಿಯಂತೆ ಮುದ್ದಾಗಿತ್ತು, ಅದನ್ನು ಮುಟ್ಟಲಿಲ್ಲ. ಆದರೆ ಎಲೆಗಳ ಮೇಲೆ ಕಪ್ಪಗೆ, ಮೈತುಂಬ ಮುಳ್ಳುಮುಳ್ಳಾಗಿ, ಮೊಸಳೆ ಮರಿಯಂತೆ ಇನ್ನೊಂದು ಹುಳ ಓಡಾಡುತ್ತಿತ್ತು. ಅದನ್ನು ಒಂದೂ ಬಿಡದೆ ಹೆಕ್ಕಿ ಸೋಪಿನ ನೀರಿಗೆ ಹಾಕಿದರು.

ಬಳ್ಳಿ ಮಾತ್ರ ದಿನದಿನಕ್ಕೆ ಸೊರಗಿತು. ಚಿಗುರುಗಳು ಮುದುಡಿದವು, ಕಾಂಡಕ್ಕೆ ಸಸ್ಯಹೇನು ಮೆತ್ತಿಕೊಂಡಿತು, ಎಲೆಗಳು ಅಂಟಂಟಾದವು.

"ಒಂದೇ ಸಲ ಬುಸ್ ಅಂತ ಔಷಧಿ ಹೊಡೆದರೆ ಮುಗೀತಪ್ಪ," ಎಂದರು ನಮ್ಮ ಮನೆಯವರು.

"ಮುಗಿಯುತ್ತೆ ಅಪ್ಪಾ. ಹೇನೂ ಮುಗಿಯುತ್ತೆ, ಗುಲಗಂಜಿನೂ ಮುಗಿಯುತ್ತೆ, ನನ್ನ ಮಾರ್ಕ್ಸೂ ಮುಗಿಯುತ್ತೆ!"

ಆ ಸಂಜೆ ನಾನು ಬೇಳೆ ತೊಳೆಯುತ್ತಾ, ಅತ್ತೆ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಇದ್ದಾಗ ಅವಳು ಸೋಪಿನ ನೀರಿನ ಬಟ್ಟಲು ಹಿಡಿದು ಅಡುಗೆಮನೆಗೆ ಬಂದಳು. ಇನ್ನೊಂದು ಕೈಯಲ್ಲಿ ಪಠ್ಯಪುಸ್ತಕ. ತೆರೆದ ಪುಟದಲ್ಲಿ ಗುಲಗಂಜಿ ಹುಳದ ಮೊಟ್ಟೆ, ಮರಿ, ಕೋಶ, ಹುಳ ಎಲ್ಲದರ ಚಿತ್ರವಿತ್ತು. ಬಟ್ಟಲಲ್ಲಿ ತೇಲುತ್ತಿದ್ದದ್ದೂ ಚಿತ್ರದ ಮರಿಯೂ ಒಂದೇ.

"ಅಜ್ಜೀ, ಇವು ಗುಲಗಂಜಿ ಮರಿಗಳು! ದೊಡ್ಡ ಹುಳಕ್ಕಿಂತ ಹೆಚ್ಚು ಹೇನನ್ನ ಗಬಗಬ ತಿನ್ನೋದೇ ಇವು. ನೀನು ನನ್ನ ಮೂರನೇ ಕೊಂಡೀನೇ ಕಿತ್ತುಹಾಕಿದ್ದೀಯ!"

ಅತ್ತೆಯ ಮುಖ ಸಣ್ಣದಾಯಿತು. "ಅಷ್ಟು ಚಂದದ ಹುಳಕ್ಕೆ ಇಂಥ ಮಕ್ಕಳು ಹುಟ್ಟುತ್ತೆ ಅಂತ ಯಾರಿಗೆ ಗೊತ್ತಿತ್ತೇ?"

"ನಂಗೂ ಗೊತ್ತಿರಲಿಲ್ಲ," ಎಂದೆ ನಾನು. ಮಗಳು ಕಾಲು ಅಪ್ಪಳಿಸುತ್ತಾ ಹೊರಟುಹೋದಳು. ಅತ್ತೆ ಅಂದು ಯಂತ್ರದ ಮುಂದೆ ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದರು. ಕೈಯಲ್ಲಿ ಏನೂ ಇರಲಿಲ್ಲ.

"ಲೇ ವಕೀಲಮ್ಮ, ಬಾ ಇಲ್ಲಿ. ಇವು ಯಾರ ಕಡೆಯವು?"

ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ನಿಂತಿದ್ದವು. ಮಗಳು ಪುಸ್ತಕ ತಂದು ಹೋಲಿಸಿದಳು.

"ನಮ್ಮ ಕಡೆಯವು ಅಜ್ಜಿ," ಎಂದಳು. ಮುನಿಸು ಇನ್ನೂ ಪೂರ್ತಿ ಇಳಿದಿರಲಿಲ್ಲ. "ನೀನು ದೂರದಿಂದಲೇ ನೋಡು."

ಮೊಟ್ಟೆಯೊಡೆದು ಮರಿಗಳು ಹೊರಬರುವಷ್ಟರಲ್ಲಿ ಬಳ್ಳಿಯ ಕೆಳಗಿನ ಎಲೆಗಳೆಲ್ಲ ಉದುರಿದ್ದವು. ಏನೂ ಮಾಡದೆ ಸುಮ್ಮನಿರುವುದು ಅತ್ತೆಗೆ ಹೊಲಿಗೆಗಿಂತ ಕಷ್ಟವಾಯಿತು. ಬಾಲ್ಕನಿಗೆ ಹೋದಾಗಲೆಲ್ಲ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದರು. ಸಾಸಿವೆಗಿಂತ ಸಣ್ಣದಿದ್ದ ಮರಿಗಳು ಹೇನು ತಿಂದು ತಿಂದು ದಪ್ಪಗಾದವು. ಕಾಂಡದ ಹಸಿರು ಅಲ್ಲಲ್ಲಿ ಮತ್ತೆ ಕಂಡಿತು. ತುದಿಯಲ್ಲಿ ಒಂದು ಚಿಗುರು ನೆಟ್ಟಗೆ ಎದ್ದಿತು.

ಕುಂಡ ಒಯ್ಯುವ ದಿನವೂ ಬಳ್ಳಿ ನೋಡಲು ಅಂದವಾಗೇನೂ ಇರಲಿಲ್ಲ. ಮಗಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ಸಂಜೆ ಬರಿಗೈಯಲ್ಲಿ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಕುಂಡ ಎಲ್ಲೇ? ಎಸೆದರಾ?"

"ಇಲ್ಲ ಅಜ್ಜಿ. ಬೇರೆಯವರ ಕುಂಡ ಎಲ್ಲಾ ಫಳಫಳ ಅಂತಿತ್ತು. ಮೇಡಂ ನಂದು ನೋಡಿ, ಯಾಕಮ್ಮ ಇಷ್ಟು ಸೊರಗಿದೆ ಅಂದ್ರು. ಮಧ್ಯೆ ಸ್ವಲ್ಪ ದಿನ ಗುಲಗಂಜಿ ಮರಿಗಳೇ ಇರಲಿಲ್ಲ, ಮೂರನೇ ಕೊಂಡಿ ತಪ್ಪಿತ್ತು, ಅದಕ್ಕೆ ಎರಡನೇದು ಹೆಚ್ಚಾಯ್ತು, ಮೊದಲನೇದು ಸೊರಗಿತು ಅಂದೆ. ಹಿಂದಿನ ಬೆಂಚಿನವಳು, ಮರಿಗಳನ್ನ ತಿಂದಿದ್ದು ಯಾವ ಪ್ರಾಣಿ ಅಂತ ಕೇಳಿದ್ಲು."

"ಏನು ಹೇಳಿದೆ?" ಅತ್ತೆಯ ಧ್ವನಿ ತಗ್ಗಿತ್ತು.

"ನಮ್ಮಜ್ಜಿ ಅಂದೆ. ಕ್ಲಾಸೆಲ್ಲಾ ಬಿದ್ದು ಬಿದ್ದು ನಕ್ಕಿತು."

"ಅಯ್ಯೋ, ಮಾನ ಕಳೆದೆಯಲ್ಲೇ!"

"ಪೂರ್ತಿ ಕೇಳು. ಮೊಟ್ಟೆ ಹುಡುಕಿದ್ದೂ ಅಜ್ಜೀನೇ ಅಂದೆ. ಮೇಡಂ ಪೂರ್ತಿ ಮಾರ್ಕ್ಸ್ ಕೊಟ್ರು. ಸರಪಳಿ ಬರೀ ಇದ್ರೆ ಸಾಲದು, ಒಂದು ಕೊಂಡಿ ಹೋದರೆ ಏನಾಗುತ್ತೆ ಅಂತ ಈ ಕುಂಡ ನೋಡಿದ್ರೇ ಗೊತ್ತಾಗುತ್ತೆ ಅಂದ್ರು. ಕ್ಲಾಸಿನ ಕಿಟಕಿ ಹತ್ರ ಇಡಿಸಿದ್ದಾರೆ. ಹೇನು ಮುಗಿದ ಮೇಲೆ ಗುಲಗಂಜಿ ಏನು ಮಾಡುತ್ತೆ, ಯೋಚನೆ ಮಾಡಿಕೊಂಡು ಬಾ ಅಂದಿದ್ದಾರೆ."

ಅತ್ತೆ ಅವಳ ಭುಜದಿಂದ ಚೀಲ ಇಳಿಸಿಕೊಂಡರು.

"ಇನ್ನೇನು ಮಾಡುತ್ತೆ? ಹಸಿವಾದರೆ ಬೇರೆ ಗಿಡ ಹುಡುಕಿಕೊಂಡು ಹಾರಿ ಹೋಗುತ್ತೆ. ಕಿಟಕಿ ತೆಗೆದಿಡೋಕೆ ಹೇಳು ನಿಮ್ಮ ಮೇಡಂಗೆ," ಎಂದವರು, ನನ್ನ ಕಡೆ ತಿರುಗಿ, "ಇವಳಿಗೆ ಮೊದಲು ಏನಾದ್ರೂ ತಿನ್ನೋಕೆ ಕೊಡಮ್ಮ," ಎಂದರು.