ಅಯ್ಯನವರ ಹನ್ನೆರಡು ಹಾಳೆ

೧೯೯೮ರಲ್ಲಿ ನಮ್ಮ ಪಂಕ್ ಬ್ಯಾಂಡಿಗೆ ಹಲಸೂರಿನ ಚರ್ಚ್ ಹಾಲ್ ಬಿಟ್ಟರೆ ಬೇರೆ ಗತಿಯಿರಲಿಲ್ಲ. ನಾನು ಗಿಟಾರ್ ಹಿಡಿದು ಯೇಸುವಿನ ಹಾಡುಗಳನ್ನು ಕಿರುಚುತ್ತಿದ್ದೆ. ಪ್ರೇಮ್‌ಕುಮಾರ್, ಮಿಲಿಟರಿ ಬ್ಯಾಂಡಿನಲ್ಲಿದ್ದ ತನ್ನ ಅಪ್ಪನ ಬ್ಯಾಗ್‌ಪೈಪಿನಲ್ಲಿ ಐರಿಷ್ ಕುಣಿತದ ಧಾಟಿ ಊದುತ್ತಿದ್ದ. ದೊಮ್ಮಲೂರಿನ ದೊಡ್ಡಮುನಿಯಪ್ಪ ತಮಟೆ ಬಡಿಯುತ್ತಿದ್ದರು. ಅವರು ಮುನೇಶ್ವರನ ಒಕ್ಕಲು. "ದೇವ್ರು ಯಾರಾದ್ರೇನಮ್ಮ, ತಾಳ ತಪ್ಪಬಾರ್ದು" ಎನ್ನುತ್ತಿದ್ದರು.

ಚರ್ಚ್ ಸಭೆಯ ಹಿರಿಯರಾದ ಕರುಣಮ್ಮನಿಗೆ ಮಾತ್ರ ನಮ್ಮನ್ನು ಕಂಡರಾಗದು. "ಇದು ಸ್ತುತಿನೋ, ಕೋಳಿ ಕಳ್ಳನ್ನ ಹಿಡಿಯೋ ಗಲಾಟೆನೋ?" ಎಂದು ದೂರು ಕೊಟ್ಟರು. ಕಡೆಗೆ ನಮ್ಮ ಪಾದ್ರಿ ಜಯಶೀಲ ಅಯ್ಯನವರು ತೀರ್ಪು ಹೇಳಿದರು: ಸುಗ್ಗಿ ಹಬ್ಬದ ಭಾನುವಾರ ಪ್ರಸಂಗವಾದ ಮೇಲೆ ಒಂದೇ ಹಾಡು, ಜನ ಒಪ್ಪದಿದ್ದರೆ ಹಾಲಿನ ಕೀ ವಾಪಸ್. ಅಯ್ಯನವರು ಒಳ್ಳೆಯವರೇ, ಆದರೆ ಅವರ ಪ್ರಸಂಗ ಎಂದರೆ ಒಂದೂವರೆ ಗಂಟೆಯ ಉಪದೇಶ! ಅದು ಮುಗಿಯುವ ಹೊತ್ತಿಗೆ ಜನಕ್ಕೆ ಸ್ವರ್ಗವೂ ಬೇಡ, ಊಟ ಸಾಕು. ಆಮೇಲೆ ನಮ್ಮ ಹಾಡು ಯಾರಿಗೆ ಬೇಕು? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಬ್ಬದ ಬೆಳಿಗ್ಗೆ ಮೋಡ ಕವಿದಿತ್ತು. ತಂಪಿಗೆ ಚರ್ಮ ಸಡಿಲವಾಗಿ ತಮಟೆ ದಪ್ ದಪ್ ಎಂದಿತು. ಬೆಂಕಿಗೆ ಹಿಡಿದರೇನೇ ಅದಕ್ಕೆ ದನಿ. "ಬೇಗ ಒಂದಷ್ಟು ಪೇಪರ್ ತಾರಮ್ಮ" ಎಂದರು ದೊಡ್ಡಮುನಿಯಪ್ಪ. ಪಕ್ಕದ ಕೋಣೆಯ ಮೇಜಿನ ಮೇಲೆ ಹೋದ ವರ್ಷದ ಕ್ರೀಡಾಕೂಟದ ನೋಟೀಸುಗಳಿದ್ದವು. ಬಾಚಿ ತಂದುಕೊಟ್ಟೆ. ತಮಟೆ ಠಣಠಣ ಎಂದಿತು.

ಅಯ್ಯನವರು ಕಾಗದ ಉಳಿಸಲು ಪ್ರಸಂಗವನ್ನು ಹಳೇ ನೋಟೀಸಿನ ಬೆನ್ನಿಗೆ ಬರೆಯುತ್ತಾರೆಂದು ನನಗೇನು ಕನಸು ಬಿದ್ದಿತ್ತೇ?

ಅವರು ವೇದಿಕೆಯ ಮೇಲೆ ನಿಂತು ಬೈಬಲ್ ಕೊಡವಿದರು, ಜೇಬು ತಡಕಿದರು. ನನಗೆ ಆಗ ಹೊಳೆಯಿತು. "ಮಗಾ, ಬಾಯ್ಮುಚ್ಕೊಂಡಿರು" ಎಂದು ಪ್ರೇಮ್ ನನ್ನ ಜುಟ್ಟು ಎಳೆದ. ಆಗಲಿಲ್ಲ. ಎದ್ದು ನಿಂತೆ.

"ಅಯ್ಯನವರೇ, ಅದನ್ನ ನಾನೇ ಸುಡೋಕೆ ಕೊಟ್ಬಿಟ್ಟೆ. ತಮಟೆ ಕಾಯ್ಸೋಕೆ."

"ಹನ್ನೆರಡು ಹಾಳೆನೂ?"

"ಹನ್ನೆರಡೂ."

ಕೀ ಹೋಯಿತು ಎಂದುಕೊಂಡೆ. ಅಯ್ಯನವರು ತಮಟೆಯನ್ನೇ ನೋಡುತ್ತಿದ್ದರು.

"ನಮ್ಮಜ್ಜ ತಮಟೆ ಬಾರಿಸ್ತಿದ್ರು" ಎಂದರು. "ಕ್ರೈಸ್ತರಾಗಿ ಸಭೆಗೆ ಸೇರಿದ ದಿನ ಹಿರಿಯರು, ಅದನ್ನ ಹೊರಗೇ ಬಿಟ್ಟು ಬಾ ಅಂದ್ರಂತೆ. ಅಟ್ಟಕ್ಕೆ ಹಾಕಿದ್ರು. ಆದ್ರೆ ಸಾಯೋವರೆಗೂ ಅವರ ಬೆರಳು ಮಂಚದ ಮೇಲೆ ಬಡೀತಾನೇ ಇತ್ತು. ಕರ್ತನು ಆ ಬೆರಳನ್ನ ಕೇಳಿಸ್ಕೊಂಡಿದಾನೆ. ಇವತ್ತು ತಮಟೆ ಒಳಗೆ ಬಂದಿದೆ. ಆಮೆನ್."

ನಾಲ್ಕೇ ನಿಮಿಷ. ಜನ ಆಮೆನ್ ಹೇಳುವುದನ್ನೂ ಮರೆತು ಕೂತಿದ್ದರು. ನನಗೆ ಅಳು ಬಂದುಬಿಟ್ಟಿತು; ಹಾಡನ್ನು ಅಳುತ್ತಲೇ ಕಿರುಚಿದೆ. ಬ್ಯಾಗ್‌ಪೈಪ್ ಅಪಸ್ವರ ಹಿಡಿಯಿತು. ತಮಟೆ ಮಾತ್ರ ಎಲ್ಲೂ ಬಿಡಲಿಲ್ಲ, ಕೊನೆಯ ಬೆಂಚಿನವರೆಗೂ ಚಪ್ಪಾಳೆ ಅದರ ಹಿಂದೆಯೇ ಹೋಯಿತು.

ಊಟದ ಸಾಲಿನಲ್ಲಿ ಕರುಣಮ್ಮ ಎದುರಾದರು. ಪ್ರಸಂಗ ಸುಟ್ಟ ತಪ್ಪಿಗೆ ನಾನೇ ಕೀ ಚಾಚಿದೆ. ಅವರು ನನ್ನ ಅಂಗೈ ಮಡಚಿ, ಅಯ್ಯನವರು ದೂರದಲ್ಲಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದರು.

"ಇಟ್ಕೋ. ಮುಂದಿನ ಭಾನುವಾರಾನೂ ಮೋಡ ಇರೋ ಹಾಗಿದೆ. ಬೇಗ ಬಂದು ತಮಟೆ ಕಾಯ್ಸು. ಪೇಪರ್ ಎಲ್ಲಿರತ್ತೆ ಅಂತ ಗೊತ್ತಲ್ಲ?"