ಪೆಟ್ಟಿಗೆಯೊಳಗಿನ ಸೊಲ್ಲು

ಹಿಂದಿನ ಭಾನುವಾರ ನರಸೀಪುರದ ಮದುವೆಯೊಂದರಲ್ಲಿ ತಾನು ಬಲು ಚೆನ್ನಾಗಿ ಹಾಡಿದೆನೆಂಬ ಸುದ್ದಿ ಬದನವಾಳಿನ ಚಲುವಮ್ಮನಿಗೆ ಗೊತ್ತಾದದ್ದು ಬುಧವಾರ. ಹೇಳಿದವನು ಪಕ್ಕದ ಮನೆಯ ನಿಂಗರಾಜು. ಶಾಮಿಯಾನ ಹಾಕುವ ಕೆಲಸದವನು, ಸುತ್ತಿನ ಯಾವ ಮದುವೆಯೂ ಅವನ ಕಣ್ಣು ತಪ್ಪಿಸುತ್ತಿರಲಿಲ್ಲ.

"ಏನ್ ದನಿ ಕಣಕ್ಕ ನಿಂದು! ಎಂಗಸ್ರೆಲ್ಲ ಊಟಕ್ ಏಳ್ದಂಗೆ ಕುಂತಿದ್ರು."

"ನಾನೆಲ್ಲಿ ಓಗಿದ್ನಪ್ಪ? ಭಾನ್ವಾರ ಮನೇಲಿ ರಾಗಿ ಕೇರ್ತಿದ್ದೆ."

"ಸುಮ್ಕಿರಕ್ಕ. ನಿನ್ ದನಿ ನಂಗೊತ್ತಿಲ್ವಾ? ಇಂದ್ರಾಣಕ್ಕ ಒಬ್ಳೇ ಮುಂದೆ ನಿಂತಿದ್ಲು. ನಿಂಗೆ ಮಂಡಿನೋವಲ್ವಾ, ಪರದೆ ಇಂದೆ ಕುರ್ಚಿ ಆಕ್ಕಂಡು ಕುಂತವ್ಳೆ ಅನ್ಕಂಡೆ."

ಖಾದಿ ಕೇಂದ್ರದಲ್ಲಿ ದಿನವಿಡೀ ನೂಲು ತೆಗೆದು ಬಂದ ಚಲುವಮ್ಮನ ಕೈ ಸೊಂಟದ ಮೇಲೆಯೇ ಉಳಿಯಿತು. ಅವಳಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಗಿತ್ತು.

ಹದಿನೆಂಟು ವರ್ಷ ಇಬ್ಬರೂ ಜೊತೆಯಾಗಿ ಸೋಬಾನೆ ಹೇಳಿದವರು. ಇಂದ್ರಾಣಿ ಮುಂದಿನವಳು, ಚಲುವಮ್ಮ ಸೊಲ್ಲು ಕೊಡುವವಳು. ಮುಂದಿನವಳು ಒಂದು ಸಾಲು ಹೇಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಹಿಂದಿನವಳು ಅದನ್ನು ಹಿಡಿದು ತಿರುಗಿ ಕೊಡಬೇಕು, ಅದೇ ಸೊಲ್ಲು. ಹೆಣ್ಣಿನ ಹೆಸರು ಬರುವುದೂ ಸೊಲ್ಲಿನಲ್ಲಿಯೇ. ಮದುವೆಮನೆಗೆ ಹೋದ ತಕ್ಷಣ ಚಲುವಮ್ಮ ಮೊದಲು ಕೇಳುತ್ತಿದ್ದದ್ದು ಹೆಣ್ಣಿನ ಹೆಸರು. ಅದು ಉದ್ದವೋ ಗಿಡ್ಡವೋ ನೋಡಿಕೊಂಡು ಎಳೆದೋ ಮಡಿಸಿಯೋ ಪದದಲ್ಲಿ ಕೂರಿಸುತ್ತಿದ್ದಳು. ಇಂದ್ರಾಣಿ ಸಾಲು ಮರೆತರೆ ಮುಂದಿನ ಸಾಲಿನ ತುದಿಯನ್ನು ಸೊಲ್ಲಿಗೇ ಸಿಕ್ಕಿಸಿ ಕೊಡುತ್ತಿದ್ದಳು. ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಇಂದ್ರಾಣಿ ತನ್ನ ನಂಜನಗೂಡಿನ ಮನೆಗೆ ಅವಳನ್ನು ಕರೆಸಿಕೊಂಡಿದ್ದಳು. ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಇಂದ್ರಾಣಿಗೆ ಹೊಸದರ ಮೇಲೆ ಆಸೆ ಜಾಸ್ತಿ. ನೆಲದ ಮೇಲೆ ಒಂದು ಕರಿಯ ಪೆಟ್ಟಿಗೆ, ಅದಕ್ಕೆ ಕಾಲಲ್ಲಿ ಒತ್ತುವ ಮೂರು ಗುಂಡಿ. ಪಕ್ಕದ ಸ್ಟ್ಯಾಂಡಿನ ಮೇಲೆ ತಟ್ಟೆಯಗಲದ ಗಾಜಿನ ಪ್ಯಾಡು. ಗುಂಡಿ ಒತ್ತಿ ಹಾಡಿ ಮತ್ತೆ ಒತ್ತಿದರೆ ಹಾಡಿದ್ದೇ ಸುತ್ತಿ ಸುತ್ತಿ ಬರುತ್ತದೆ. ಅದಕ್ಕೆ ಲೂಪರ್ ಎಂದು ಹೆಸರು. ಪ್ಯಾಡಿನ ಮೇಲೆ ಬೆರಳು ಸವರಿದರೆ ಆ ದನಿ ಬಾವಿಯೊಳಗಿಂದ ಬಂದ ಹಾಗೆ ಗುಂಯ್‌ಗುಡುತ್ತದೆ.

"ಸುಮ್ನೆ ಪರೀಕ್ಷೆಗೆ ಕಣಕ್ಕ," ಎಂದಿದ್ದಳು. ಚಲುವಮ್ಮ ಮಧ್ಯಾಹ್ನವೆಲ್ಲ ಹಾಡಿದ್ದಳು. ಒಂದು ಸಲ ಮೇಲಿನ ದನಿಯಲ್ಲಿ, ಒಂದು ಸಲ ಕೆಳಗಿನದರಲ್ಲಿ, ಒಂದು ಸಲ ಮುದುಕಿಯ ಹಾಗೆ, ಇನ್ನೊಂದು ಸಲ ಎಳೆ ಹುಡುಗಿಯ ಹಾಗೆ. ಇಂದ್ರಾಣಿ ಗುಂಡಿ ಒತ್ತಿದಾಗ ನಾಲ್ಕು ಜನ ಚಲುವಮ್ಮಂದಿರು ಒಟ್ಟಿಗೆ ಸೊಲ್ಲು ಕೊಟ್ಟರು. ಚಲುವಮ್ಮ ತೊಡೆ ತಟ್ಟಿಕೊಂಡು ನಕ್ಕಿದ್ದಳು. ಆ ನಗುವನ್ನು ನೆನೆದರೆ ಈಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಆಮೇಲೆ ಒಂದು ಕರೆಯೂ ಇಲ್ಲ. ಫೋನು ಮಾಡಿದರೆ, "ಆಷಾಢ ಕಣಕ್ಕ, ಮದ್ವೆ ಎಲ್ಲವೆ?" ಆಷಾಢ ಮುಗಿದು ಶ್ರಾವಣ ಬಂದರೂ ಇಂದ್ರಾಣಿಗೆ ಆಷಾಢವೇ.

"ಬರೋ ಭಾನ್ವಾರ ನರಸೀಪುರ್ದಲ್ಲೇ ಅಮೃತೇಶಣ್ಣನ ಮಗಳ ಮದ್ವೇಲೂ ನಿಮ್ದೇ ಅಲ್ವಾ?" ಎಂದ ನಿಂಗರಾಜು.

"ಊ ಕಣಪ್ಪ," ಎಂದಳು ಚಲುವಮ್ಮ. "ನಮ್ದೇ."

ಭಾನುವಾರ ನಂಜನಗೂಡಿಗೆ ಬಂದು ಅಲ್ಲಿಂದ ನರಸೀಪುರದ ಬಸ್ಸು ಹಿಡಿದಳು. ಕಲ್ಯಾಣ ಮಂಟಪದಲ್ಲಿ ಧಾರೆ ಮುಗಿದಿತ್ತು. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಮೈತುಂಬ ಒಡವೆ ಹಾಕಿಕೊಂಡಿದ್ದ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಾನು ಗಂಡಿನ ಸೋದರತ್ತೆ, ರುದ್ರಮ್ಮ ಅಂತ. ನೀವು ಹೆಣ್ಣಿನ ಕಡೆಯೋರಾ?" ಎಂದಳು.

"ನಾನು ಆಡೋ ದನಿ ಕಡೆಯೋಳು," ಎಂದಳು ಚಲುವಮ್ಮ. ರುದ್ರಮ್ಮ ಅರ್ಥವಾಗದೆ ಬಳೆ ಸರಿಮಾಡಿಕೊಂಡಳು.

ವೇದಿಕೆಯ ಪಕ್ಕದಲ್ಲಿ ಇಂದ್ರಾಣಿ ಒಬ್ಬಳೇ, ಹಸಿರು ರೇಷ್ಮೆ ಸೀರೆ, ಬರಿಗಾಲು. ಒಂದು ಸಾಲು ಹೇಳಿ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಬಲಗಡೆಯ ಸ್ಪೀಕರಿನಿಂದ ಮುದುಕಿ ಚಲುವಮ್ಮ, ಎಡಗಡೆಯಿಂದ ಹುಡುಗಿ ಚಲುವಮ್ಮ, ನಡುವಿನಿಂದ ಮಿಕ್ಕ ಇಬ್ಬರು. "ಸೋಬಾನೆ" ಎನ್ನುವ ಮೊದಲು ಗಂಟಲು ಸರಿಮಾಡಿಕೊಂಡ ಸಣ್ಣ ಸದ್ದು ಕೂಡ ಹಾಗೆಯೇ ಇತ್ತು. ಪ್ರತಿ ಸುತ್ತಿಗೂ ಆ ಚಲುವಮ್ಮ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಹೆಣ್ಣಿನ ಹೆಸರನ್ನು ಮಾತ್ರ ಇಂದ್ರಾಣಿ ತಾನೇ ಸೇರಿಸಿಕೊಳ್ಳುತ್ತಿದ್ದಳು. ಎರಡು ಪದ ಸರಾಗವಾಗಿ ಹೋದವು. ಮೂರನೆಯದಕ್ಕೆ ಕಾಲು ಬೇರೆ ಗುಂಡಿಗೆ ಬಿತ್ತು.

"ಹಸೆಗೆ ಬರುತಾಳೆ ಯಶೋಧರಾ, ಸೋಬಾನೆ!" ಎಂದಿತು ಪೆಟ್ಟಿಗೆ.

ಇಂದ್ರಾಣಿ ಗಾಬರಿಯಾಗಿ ಮತ್ತೆ ಒತ್ತಿದಳು. ಯಶೋಧರಾ ಇಬ್ಬರಾದರು. ಪ್ಯಾಡಿನ ಮೇಲೆ ಕೈ ಆಡಿಸಿದಳು. ಯಶೋಧರಾ ಮಂಟಪದ ಮೂಲೆಮೂಲೆಯಲ್ಲಿ ಗುಂಯ್‌ಗುಟ್ಟಿದಳು.

"ಯಾರ್ರೀ ಅದು ಯಶೋಧರಾ?" ರುದ್ರಮ್ಮ ಎದ್ದು ನಿಂತಳು. "ಹುಡುಗಿ ಹೆಸ್ರು ನಂದಿತಾ ಅಂದಿದ್ರಲ್ಲ!"

"ಲೇ ಮಲ್ಲಿಕಾರ್ಜುನ," ಎಂದು ಗೆಳೆಯನೊಬ್ಬ ಗಂಡಿನತ್ತ ಕೂಗಿದ, "ಯಾರ್ಲಾ ಅದು, ನಮ್ಗೇಳೇ ಇಲ್ವಲ್ಲ!" ಒಂದು ಕಡೆ ನಗು, ಇನ್ನೊಂದು ಕಡೆ ಗುಸುಗುಸು. ಹೆಣ್ಣು ತಲೆ ತಗ್ಗಿಸಿದಳು. ಅಮೃತೇಶನ ಮುಖ ಕಪ್ಪಿಟ್ಟಿತು.

ಯಶೋಧರಾ ಚಲುವಮ್ಮನ ಮಗಳು. ಇನ್ನೂ ಮದುವೆಯಾಗಿಲ್ಲ. ಅವರ ಕಡೆ ಹೆಣ್ಣಿನ ಹೆಸರನ್ನು ಸೋಬಾನೆಯಲ್ಲಿ ಹೇಳುವುದು ಅವಳು ಹಸೆಗೆ ಕೂತ ದಿನವೇ, ಅದಕ್ಕೂ ಮುಂಚೆ ಇಲ್ಲ. ಆವತ್ತು ನಂಜನಗೂಡಿನಲ್ಲಿ, "ಯಾರೆಸ್ರು ಆಕ್ಲಿ?" ಎಂದು ಕೇಳಿದ್ದಕ್ಕೆ "ಯಾವ್ದಾರ ಆಕು" ಎಂದಿದ್ದಳು ಇಂದ್ರಾಣಿ. ನಾಲ್ಕು ಗೋಡೆಯೊಳಗಲ್ಲವೇ ಎಂದು ತಾಯಿಯ ಬಾಯಿಗೆ ಮಗಳ ಹೆಸರು ಬಂದಿತ್ತು. ಹಾಡಿದ ಮೇಲೆ ಮನಸ್ಸು ಅಳುಕಿ, "ಅದೊಂದ್ನ ಅಳಿಸ್ಬುಡಮ್ಮಿ" ಎಂದಿದ್ದಳು. "ಅಳಿಸ್ದೆ ಕಣಕ್ಕ," ಎಂದು ಇಂದ್ರಾಣಿ ಗುಂಡಿ ಒತ್ತಿ ತೋರಿಸಿಯೂ ಇದ್ದಳು.

ಚಲುವಮ್ಮ ಎದ್ದಳು. ಮಂಡಿ ಎಳೆದುಕೊಂಡು ನಡುವಿನ ದಾರಿಯಲ್ಲಿ ನಡೆದು, ಇಂದ್ರಾಣಿಯ ಮುಖ ನೋಡದೆ, ಪೆಟ್ಟಿಗೆಯ ವೈರನ್ನು ಕಿತ್ತು ಬಿಸಾಕಿದಳು. ಪೆಟ್ಟಿಗೆಯ ಸದ್ದಡಗಿತು. ಮೈಕಿಲ್ಲದೆ, ಹೆಣ್ಣಿನ ಕಡೆ ತಿರುಗಿ ಸೊಲ್ಲು ಕೊಟ್ಟಳು.

"ಹಸೆಗೆ ಬರುತಾಳೆ ನಂದಿತಾ, ಸೋಬಾನೆ!"

ಮುಂದಿನ ಸಾಲಿನ ಹೆಂಗಸರು ಸೋಬಾನೆ ಎಂದರು. ಇಂದ್ರಾಣಿ ತೊದಲುತ್ತ ಸಾಲು ಹಿಡಿದಳು. ಎರಡು ಕಡೆ ತಪ್ಪಿದಳು. ಎರಡು ಕಡೆಯೂ ಚಲುವಮ್ಮ ತುದಿ ಸಿಕ್ಕಿಸಿ ಕೊಟ್ಟಳು. ಹಸೆಯ ಮೇಲಿದ್ದ ಹೆಣ್ಣಿಗಾಗಿ ಕೊಟ್ಟಳು. ಪದ ಮುಗಿದಾಗ ಚಪ್ಪಾಳೆ. "ಫಸ್ಟು ಮಿಷಿನ್ನು, ಆಮೇಲೆ ಮನುಷ್ರು. ಒಳ್ಳೆ ಐಡಿಯಾ," ಎಂದು ಯಾರೋ ಮೆಚ್ಚಿಕೊಂಡರು.

ಕೈ ತೊಳೆಯುವ ನಲ್ಲಿಗಳ ಹತ್ತಿರ ಇಂದ್ರಾಣಿ ಓಡಿಬಂದು ಕೈ ಹಿಡಿದಳು. "ಅಕ್ಕ, ಮಾನ ಉಳಿಸ್ದೆ. ನೀನಿಲ್ದೆ ಓಗಿದ್ರೆ..."

"ನಾನಿದ್ನಲ್ಲಮ್ಮಿ. ನಾಕ್ ಜನ ಇದ್ದೆ."

"ನಿಂಗೆ ಮಂಡಿನೋವು, ರಜಾನೂ ಸಿಗಕ್ಕಿಲ್ಲ. ತೊಂದ್ರೆ ಕೊಡೋದ್ ಬ್ಯಾಡ ಅಂತ..."

"ಕೇಳ್ದಾ ನನ್ನ? ಒಂದ್ ಮಾತು ಕೇಳ್ದಾ? ನಮ್ಮನೆ ಕೋಳಿ ಬೇಕು ಅಂದ್ರೂ ಕೇಳಿ ತಕ್ಕೊಂಡೋಯ್ತಾರೆ. ನನ್ ಗಂಟ್ಲು ಕಿತ್ಕಂಡು ಬಂದು ಪೆಟ್ಗೇಲಿ ಇಕ್ಕಂಡಿದ್ದೀಯಲ್ಲ, ಆಷಾಢ ಅಂತ ಬೇರೆ ಏಳ್ತೀಯ! ನನ್ ಮಗಳೆಸ್ರು ಕಂಡೋರ್ ಮದ್ವೇಲಿ ನಗೆಪಾಟ್ಲಾಯ್ತು. ಅಳಿಸು. ನನ್ ಮುಂದೆ ಅಳಿಸು."

ಇಂದ್ರಾಣಿ ಪೆಟ್ಟಿಗೆ ತಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು. ಬಗ್ಗಿ ಕೈಯಿಂದಲೇ ಗುಂಡಿಯನ್ನು ಒತ್ತಿ ಹಿಡಿದಳು. ಕೆಂಪು ದೀಪ ಮಿಣಮಿಣ ಎಂದು ಆರಿತು.

"ಓಯ್ತು ಕಣಕ್ಕ. ಎಲ್ಲ ಓಯ್ತು."

ಚಲುವಮ್ಮ ಆರಿದ ದೀಪವನ್ನೇ ನೋಡಿದಳು. ಆವತ್ತೂ ಕೆಂಪು ದೀಪ ಹೀಗೆಯೇ ಆರಿತ್ತು.

"ನನ್ ಮಗನಾಣೆ ಅಕ್ಕ."

"ಮಗನ್ನ ಯಾಕ್ ತತ್ತೀಯ ಇದ್ರೊಳಿಕ್ಕೆ?"

ಇಂದ್ರಾಣಿ ಕಣ್ಣೊರೆಸಿಕೊಂಡಳು. "ಇನ್ಮೇಲೆ ಇಬ್ರೇ ಕಣಕ್ಕ, ಪೆಟ್ಗೆ ಬ್ಯಾಡ. ಬರೋ ಗುರ್ವಾರ ಮುಡುಕುತೊರೆ ತಾವ ಒಂದ್ ಮದ್ವೆ ಒಪ್ಕಂಡಿವ್ನಿ. ಬತ್ತೀಯ ತಾನೇ?"

"ಎಣ್ಣಿನ ಎಸ್ರೇನು?" ಎಂದಳು ಚಲುವಮ್ಮ. ಬಾಯಿ ತಾನಾಗಿ ಕೇಳಿಬಿಟ್ಟಿತ್ತು. ಇಂದ್ರಾಣಿಯ ಮುಖ ಅರಳಿದ್ದು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

"ಬ್ಯಾಡ, ಏಳ್ಬ್ಯಾಡ. ನಿನ್ ಜೊತೆ ಇನ್ನು ಬಾಯಿ ಬಿಡಕಿಲ್ಲ ನಾನು. ಬಿಟ್ರೆ ಎಲ್ಲಿ ಇಡ್ಕಂಡ್ಬುಡ್ತೀಯೋ ಅಂತ ಎದರ್ಕಂಡೇ ಆಡ್ಬೇಕು."

ಊಟಕ್ಕೆ ಕರೆದ ಅಮೃತೇಶನಿಗೆ ಕೈಮುಗಿದು ಹೊರಗೆ ಬಂದಳು. ನಂಜನಗೂಡಿನ ಬಸ್ಸು ಹೊರಟು ನಿಂತಿತ್ತು. ಸೀಟು ಇರಲಿಲ್ಲ. ಕಂಬಿ ಹಿಡಿದು, ನೋಯುವ ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ, ನಂಜನಗೂಡು ಬರುವವರೆಗೂ ನಿಂತೇ ಹೋದಳು.